ಎಕ್ಸೋಸೋಮ್ ಕೊಟ್ಟರೆ ಅತ್ತೆಯ ಮರೆವು ವಾಸಿಯಾಗುತ್ತದೆಯೇ?

ಪ್ರಶ್ನೆ: ನಮ್ಮತ್ತೆಗೆ 71 ವರ್ಷ. ಎರಡು ವರ್ಷದಿಂದ ಮರೆವು ಹೆಚ್ಚುತ್ತಾ ಬಂದು, ಈಗ ಅಲ್ಜೈಮರ್ಸ್ ಎಂದು ಹೇಳಿದ್ದಾರೆ. ಸೋಬಾನೆ ಪದಗಳನ್ನು ಒಂದು ಸಾಲೂ ತಪ್ಪದೆ ಹಾಡುತ್ತಾರೆ. ಆದರೆ ಉಂಡು ಕೈ ತೊಳೆದ ಹತ್ತು ನಿಮಿಷಕ್ಕೆ ‘ನನಗೆ ಊಟವೇ ಹಾಕಿಲ್ಲ’ ಎಂದು ಮನೆಗೆ ಬಂದವರ ಮುಂದೆ ಹೇಳುತ್ತಾರೆ. ನನಗೆ ತುಂಬ ನೋವಾಗುತ್ತದೆ. ನನ್ನ ಮೈದುನ ಒಂದು ಕ್ಲಿನಿಕ್ಕಿನ ವಿಡಿಯೊ ಕಳಿಸಿದ್ದಾರೆ. ‘ಎಕ್ಸೋಸೋಮ್’ ಎಂಬುದನ್ನು ಆರು ಸಲ ನರಕ್ಕೆ ಕೊಟ್ಟರೆ ಮಿದುಳಿನ ಕೋಶಗಳು ಮತ್ತೆ ಚಿಗುರುತ್ತವಂತೆ. ಲಕ್ಷಗಟ್ಟಲೆ ಖರ್ಚು. ತೋಟದ ಒಂದು ತುಂಡು ಮಾರೋಣ ಎನ್ನುತ್ತಿದ್ದಾರೆ. ಇನ್ನೊಂದು ಕಡೆ, ಇದೇ ಎಕ್ಸೋಸೋಮ್‌ಗಳೇ ಕಾಯಿಲೆಯನ್ನು ಮಿದುಳಿನ ತುಂಬ ಹರಡುತ್ತವೆ ಎಂದು ಓದಿದೆ. ಯಾವುದು ನಿಜ? ರಕ್ತದಲ್ಲಿ ಇವನ್ನು ನೋಡಿ ಕಾಯಿಲೆ ಹೇಳಬಹುದೇ? ನಮ್ಮ ಮಕ್ಕಳಿಗೂ ಬರುತ್ತದೆಯೇ, ಅಂಟುತ್ತದೆಯೇ? (ಹಾಸನ ಜಿಲ್ಲೆಯ ಓದುಗರು)

ಉತ್ತರ:

ತೋಟ ಮಾರಬೇಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ, ಆದರೆ ಈ ಮಾತು ಮೊದಲು ನಿಮ್ಮ ಮನೆಯವರ ಕಿವಿಗೆ ಬೀಳಲಿ. ಅಲ್ಜೈಮರ್ಸ್‌ಗೆ ಎಕ್ಸೋಸೋಮ್ ಎಂದು ಹೇಳಿ ದುಡ್ಡು ತೆಗೆದುಕೊಂಡು ಕೊಡುವ ಚಿಕಿತ್ಸೆ ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ಇಲ್ಲ.

ಹಾಗಂತ ನೀವು ಓದಿದ್ದು ಸುಳ್ಳಲ್ಲ. ಈ ಎಕ್ಸೋಸೋಮ್‌ಗಳು ಮಿದುಳನ್ನು ಕಾಯುತ್ತವೆ ಎಂಬುದೂ ನಿಜ, ಕಾಯಿಲೆಯನ್ನು ಹೊತ್ತು ತಿರುಗುತ್ತವೆ ಎಂಬುದೂ ನಿಜ. ಈ ಎರಡು ಮಾತು ಒಟ್ಟಿಗೆ ಹೇಗೆ ನಿಲ್ಲುತ್ತವೆ ಎಂದು ತಿಳಿದರೆ ಆ ವಿಡಿಯೊದವರು ಎಲ್ಲಿ ದಾರಿ ತಪ್ಪಿಸುತ್ತಿದ್ದಾರೆ ಎಂಬುದು ನಿಮಗೇ ಕಾಣುತ್ತದೆ. ನಾನು ನರರೋಗ ವೈದ್ಯನಾಗಿ ರೋಗಿಗಳನ್ನು ನೋಡಲು ಕೂರುವ ಮುಂಚೆ ಮೂರು ವರ್ಷ ಪ್ರಯೋಗಾಲಯದಲ್ಲಿ ಇವುಗಳನ್ನೇ ಬೇರ್ಪಡಿಸುವ ಕೆಲಸ ಮಾಡಿದವನು. ಹಾಗಾಗಿ ಇವುಗಳ ಮೇಲೆ ನನಗೆ ಪ್ರೀತಿಯೂ ಇದೆ. ಇವುಗಳ ಹೆಸರಿನಲ್ಲಿ ಜನರ ಜೇಬಿಗೆ ಕೈ ಹಾಕುವುದನ್ನು ನೋಡಿದರೆ ಸಂಕಟವೂ ಆಗುತ್ತದೆ.

ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶವೂ ತನ್ನ ಪೊರೆಯ ತುಣುಕಿನಲ್ಲೇ ಪುಟ್ಟ ಪುಟ್ಟ ಚೀಲ ಕಟ್ಟಿ ಹೊರಗೆ ಬಿಡುತ್ತಿರುತ್ತದೆ. ಊರಿಗೆ ಹೊರಟವರ ಕೈಗೆ ಬುತ್ತಿ ಕಟ್ಟಿ ಕೊಡುವುದಿಲ್ಲವೇ, ಹಾಗೆ. ಚೀಲದೊಳಗೆ ಪ್ರೋಟೀನು, ಕೊಬ್ಬು, ಆರ್‌ಎನ್‌ಎ ಎಂಬ ಆಜ್ಞೆಯ ಚೀಟಿಗಳು ಇರುತ್ತವೆ. ಪಕ್ಕದ ಕೋಶವೋ ದೂರದ ಕೋಶವೋ ಅದನ್ನು ಒಳಗೆ ಎಳೆದುಕೊಂಡು ಗಂಟು ಬಿಚ್ಚುತ್ತದೆ. ಇವೆಲ್ಲಕ್ಕೂ ಸೇರಿದ ಹೆಸರು ‘ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್’, ಅಂದರೆ ಕೋಶದಾಚೆಯ ಕಿರುಚೀಲ. ಅವುಗಳಲ್ಲಿ ಅತಿ ಚಿಕ್ಕವು, ಸುಮಾರು 30ರಿಂದ 150 ನ್ಯಾನೊಮೀಟರ್ ಗಾತ್ರದವು, ಎಕ್ಸೋಸೋಮ್‌ಗಳು. ಇವು ಕೋಶದ ಒಳಗಿನ ಒಂದು ದೊಡ್ಡ ಚೀಲದಲ್ಲಿ ಹುಟ್ಟಿ, ಆ ಚೀಲ ಕೋಶದ ಅಂಚಿಗೆ ಬಂದು ಬಾಯಿ ತೆರೆದಾಗ ಹೊರಬೀಳುತ್ತವೆ. ಕೋಶದ ಹೊರಮೈಯಿಂದಲೇ ಮೊಗ್ಗಿನಂತೆ ಉಬ್ಬಿ ಕಳಚಿಕೊಳ್ಳುವ, ಸ್ವಲ್ಪ ದೊಡ್ಡ ಜಾತಿಯವೂ ಇವೆ. ಗಾತ್ರದ ಅಂದಾಜು ಬೇಕೆಂದರೆ, ಒಂದು ರಾಗಿ ಕಾಳಿನ ಅಗಲಕ್ಕೆ ಇವನ್ನು ಸಾಲಾಗಿ ಜೋಡಿಸಿದರೆ ಹತ್ತು ಸಾವಿರ ಹಿಡಿಸುತ್ತವೆ.

ಇವುಗಳನ್ನು ಮೊದಲು ಗಮನಿಸಿದ್ದು ಮಿದುಳಿನಲ್ಲಿ ಅಲ್ಲ, ರಕ್ತದಲ್ಲಿ. 1983ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ರೋಸ್ ಜಾನ್‌ಸ್ಟೋನ್ ಅವರ ತಂಡ ಕುರಿಯ ಎಳೆಯ ಕೆಂಪು ರಕ್ತಕಣಗಳನ್ನು, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಇನ್ನೊಂದು ತಂಡ ಇಲಿಯ ರಕ್ತಕಣಗಳನ್ನು ನೋಡುತ್ತಿತ್ತು. ಕಬ್ಬಿಣವನ್ನು ಕಣದೊಳಗೆ ತರುವ ಒಂದು ಪ್ರೋಟೀನು ಬೆಳೆದ ರಕ್ತಕಣಕ್ಕೆ ಬೇಡ. ಕಣ ಅದನ್ನು ಕಿರುಚೀಲಗಳಲ್ಲಿ ಕಟ್ಟಿ ಹೊರಗೆ ಎಸೆಯುತ್ತಿತ್ತು. 1987ರಲ್ಲಿ ಜಾನ್‌ಸ್ಟೋನ್ ಇದಕ್ಕೆ ಎಕ್ಸೋಸೋಮ್ ಎಂದು ಹೆಸರಿಟ್ಟರು. ಬಹಳ ವರ್ಷ ಇದು ಕಸ ಹೊರಹಾಕುವ ದಾರಿ, ಅಷ್ಟೇ, ಎಂದುಕೊಂಡಿದ್ದರು. 2007ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ತಂಡ ಈ ಚೀಲಗಳೊಳಗೆ ಆರ್‌ಎನ್‌ಎ ಇದೆ, ಒಂದು ಕೋಶದ ಆರ್‌ಎನ್‌ಎ ಇನ್ನೊಂದಕ್ಕೆ ಹೋಗಿ ಅಲ್ಲಿ ಪ್ರೋಟೀನು ಮಾಡಿಸಬಲ್ಲದು ಎಂದು ತೋರಿಸಿದ ಮೇಲೆ ಎಲ್ಲರ ಕಣ್ಣು ಇತ್ತ ತಿರುಗಿತು. ಕಸದ ಬುಟ್ಟಿ ಎಂದುಕೊಂಡದ್ದು ಟಪಾಲು ಚೀಲವೂ ಆಗಿತ್ತು. ಎರಡೂ ಹೌದು ಎಂಬುದನ್ನು ನೆನಪಿಡಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಮಿದುಳಿನಲ್ಲಿ ಒಳ್ಳೆಯ ಬುತ್ತಿಯ ಉದಾಹರಣೆ ಕೊಡುತ್ತೇನೆ. ನರಕೋಶದ ಉದ್ದನೆಯ ತಂತಿಗೆ ಮೇಲುಹೊದಿಕೆ ಸುತ್ತುವ ಕೋಶಗಳಿವೆ, ಅವಕ್ಕೆ ಆಲಿಗೋಡೆಂಡ್ರೋಸೈಟ್ ಎನ್ನುತ್ತಾರೆ. ನರಕೋಶ ಚುರುಕಾಗಿ ಕೆಲಸ ಮಾಡುತ್ತಿರುವಾಗ ಗ್ಲುಟಮೇಟ್ ಎಂಬ ರಾಸಾಯನಿಕ ಬಿಡುತ್ತದೆ. ಆ ಸುಳಿವು ಸಿಕ್ಕಿದ ಕೂಡಲೇ ಹೊದಿಕೆಯ ಕೋಶ ಎಕ್ಸೋಸೋಮ್ ಕಟ್ಟಿ ಕಳಿಸುತ್ತದೆ, ನರಕೋಶ ಅದನ್ನು ನುಂಗಿ ಕಷ್ಟಕಾಲವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಜರ್ಮನಿಯ ಮೈಂಜ್ ವಿಶ್ವವಿದ್ಯಾಲಯದವರು 2013ರಲ್ಲಿ ಇದನ್ನು ತೋರಿಸಿದರು. ಹೊಲದಲ್ಲಿ ದುಡಿಯುತ್ತಿರುವವರಿಗೆ ಮನೆಯಿಂದ ಬುತ್ತಿ ಹೋದ ಹಾಗೆಯೇ.

ನೆನಪಿಗೂ ಇವಕ್ಕೂ ಇರುವ ನಂಟು ಇನ್ನೂ ಆಶ್ಚರ್ಯದ್ದು. ‘ಆರ್ಕ್’ ಎಂಬ ಜೀನ್ ಇದೆ. ಅದನ್ನು ತೆಗೆದುಹಾಕಿದ ಇಲಿ ಹೊಸ ವಿಷಯ ಕಲಿಯುತ್ತದೆ, ಸ್ವಲ್ಪ ಹೊತ್ತು ನೆನಪಿನಲ್ಲೂ ಇಟ್ಟುಕೊಳ್ಳುತ್ತದೆ. ಮರುದಿನಕ್ಕೆ ಅದು ಉಳಿಯುವುದಿಲ್ಲ. ಅಂದರೆ ನೆನಪನ್ನು ಗಟ್ಟಿ ಮಾಡಲು ಆರ್ಕ್ ಬೇಕೇ ಬೇಕು. 2018ರ ಜನವರಿಯಲ್ಲಿ ಅಮೆರಿಕದ ಎರಡು ತಂಡಗಳು, ಯೂಟಾ ವಿಶ್ವವಿದ್ಯಾಲಯದವರು ಇಲಿಯಲ್ಲಿ, ಮೆಸಾಚುಸೆಟ್ಸ್‌ನವರು ಹಣ್ಣುನೊಣದಲ್ಲಿ, ಒಂದೇ ಸಂಗತಿ ಕಂಡರು. ಆರ್ಕ್ ಪ್ರೋಟೀನು ವೈರಸ್ಸಿನ ಚಿಪ್ಪಿನಂತೆ ಗುಂಡಗೆ ಕಟ್ಟಿಕೊಂಡು, ತನ್ನದೇ ಆರ್‌ಎನ್‌ಎ ಚೀಟಿಯನ್ನು ಒಳಗಿಟ್ಟುಕೊಂಡು, ಕಿರುಚೀಲದಲ್ಲಿ ಕೂತು ಒಂದು ಕೋಶದಿಂದ ಇನ್ನೊಂದಕ್ಕೆ ಹೋಗುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜ ಪ್ರಾಣಿಗಳ ವಂಶವಾಹಿಗೆ ಸೇರಿಕೊಂಡ, ರೆಟ್ರೋವೈರಸ್ಸಿನ ನೆಂಟನಾದ ಒಂದು ತುಣುಕಿನಿಂದ ಈ ಜೀನ್ ಬಂದಿದೆ. ಹೊರಗಿನಿಂದ ನುಸುಳಿದ್ದನ್ನು ಮಿದುಳು ನೆನಪು ಕೂಡಿಡಲು ಬಳಸಿಕೊಂಡಿದೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಕಾಯಿಲೆಯ ಕಡೆಗೆ ಬರೋಣ. 1906ರಲ್ಲಿ ಜರ್ಮನ್ ವೈದ್ಯ ಅಲೋಯಿಸ್ ಅಲ್ಜೈಮರ್ ತೀರಿಹೋದ ರೋಗಿಯೊಬ್ಬರ ಮಿದುಳಿನಲ್ಲಿ ಕಂಡು ವರದಿ ಮಾಡಿದ್ದು ಎರಡು ವಿಕಾರಗಳನ್ನು. ಕೋಶಗಳ ನಡುವೆ ಜಿಡ್ಡಿನ ಉಂಡೆಗಳು, ಕೋಶಗಳ ಒಳಗೆ ಸಿಕ್ಕುಬಿದ್ದ ಎಳೆಗಳು. ಉಂಡೆಗಳು ಅಮಿಲಾಯ್ಡ್ ಎಂಬ ಪ್ರೋಟೀನಿನವು, ಎಳೆಗಳು ಟಾವ್ ಎಂಬ ಪ್ರೋಟೀನಿನವು ಎಂದು ಬಹಳ ಕಾಲದ ಮೇಲೆ ತಿಳಿಯಿತು. ಟಾವ್ ಸಿಕ್ಕುಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. 1991ರಲ್ಲಿ ಹೈಕೋ ಬ್ರಾಕ್ ಮತ್ತು ಇವಾ ಬ್ರಾಕ್ ದಂಪತಿ ತೋರಿಸಿಕೊಟ್ಟಂತೆ, ಕಿವಿಯ ನೇರಕ್ಕೆ ಮಿದುಳಿನ ಒಳಬದಿಯಲ್ಲಿರುವ ಎಂಟೊರೈನಲ್ ಎಂಬ ಸಣ್ಣ ಪ್ರದೇಶದಲ್ಲಿ ಶುರುವಾಗಿ, ಪಕ್ಕದಲ್ಲಿರುವ, ಹೊಸ ನೆನಪನ್ನು ಬರೆದಿಡುವ ಹಿಪ್ಪೊಕ್ಯಾಂಪಸ್‌ಗೆ ಬಂದು, ಅಲ್ಲಿಂದ ಮಿದುಳಿನ ಮೇಲ್ಪದರಕ್ಕೆ ಹಬ್ಬುತ್ತವೆ. ನರಗಳ ಜೋಡಣೆ ಹೇಗಿದೆಯೋ ಅದೇ ದಾರಿಯಲ್ಲಿ. ಒಂದು ಕೋಶದ ಕೆಟ್ಟ ಟಾವ್ ಇನ್ನೊಂದು ಕೋಶದ ಒಳ್ಳೆಯ ಟಾವನ್ನು ಕೆಡಿಸುತ್ತಾ ಹೋಗುತ್ತದೆ, ಹಾಲಿಗೆ ಹೆಪ್ಪು ಬಿದ್ದ ಹಾಗೆ. ಹಾಗಾದರೆ ಆ ಹೆಪ್ಪನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊತ್ತೊಯ್ಯುವವರು ಯಾರು?

2006ರಲ್ಲಿ ಜರ್ಮನಿಯ ಡ್ರೆಸ್ಡೆನ್ ತಂಡವೊಂದು ಅಮಿಲಾಯ್ಡ್‌ನ ಒಂದು ಸಣ್ಣ ಪಾಲು ಎಕ್ಸೋಸೋಮ್ ಜೊತೆ ಕೋಶದಿಂದ ಹೊರಬರುತ್ತದೆ ಎಂದು ತೋರಿಸಿತು. ರೋಗಿಗಳ ಮಿದುಳಿನ ಉಂಡೆಗಳ ಸುತ್ತ ಎಕ್ಸೋಸೋಮ್‌ನ ಗುರುತಿನ ಪ್ರೋಟೀನೂ ಸಿಕ್ಕಿತು. 2015ರಲ್ಲಿ ಬೋಸ್ಟನ್‌ನ ಪ್ರಯೋಗ ಇನ್ನೂ ನೇರವಾದದ್ದು. ಮಿದುಳಿನ ಕಾವಲುಗಾರ ಕೋಶಗಳಾದ ಮೈಕ್ರೋಗ್ಲಿಯಾಗಳು ಕೆಟ್ಟ ಟಾವನ್ನು ನುಂಗುತ್ತವೆ. ಆದರೆ ಪೂರ್ತಿ ಜೀರ್ಣಿಸಿಕೊಳ್ಳಲಾಗದೆ ಕಿರುಚೀಲದಲ್ಲಿ ಕಟ್ಟಿ ಮತ್ತೆ ಹೊರಗೆ ಬಿಡುತ್ತವೆ. ಇಲಿಯಲ್ಲಿ ಆ ಕಾವಲು ಕೋಶಗಳನ್ನು ಕಡಿಮೆ ಮಾಡಿದಾಗ, ಇನ್ನೊಂದು ಗುಂಪಿನಲ್ಲಿ ಎಕ್ಸೋಸೋಮ್ ಕಟ್ಟಲು ಬೇಕಾದ ಕಿಣ್ವವನ್ನು ತಡೆದಾಗ, ಎರಡರಲ್ಲೂ ಟಾವ್ ಹಬ್ಬುವುದು ತಗ್ಗಿತು. ಕಸ ಗುಡಿಸಲು ಬಂದವರೇ ಕಸವನ್ನು ಪಕ್ಕದ ಮನೆಯಂಗಳಕ್ಕೆ ತಳ್ಳಿದಂತಾಯಿತು.

ಇಲಿಯ ಮಾತು ಬೇಡ, ಮನುಷ್ಯರದ್ದು ಹೇಳಿ ಎಂದು ನೀವು ಕೇಳಬಹುದು. 2024ರ ಕೊನೆಯಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಎಂಆರ್‌ಸಿ ಆಣ್ವಿಕ ಜೀವವಿಜ್ಞಾನ ಪ್ರಯೋಗಾಲಯದವರು ಅಲ್ಜೈಮರ್ಸ್‌ನಿಂದ ತೀರಿಹೋದವರ ಮಿದುಳಿನಿಂದ ಕಿರುಚೀಲಗಳನ್ನು ಬಿಡಿಸಿ, ಅತಿ ಶೀತದಲ್ಲಿ ಗಟ್ಟಿಯಾಗಿಸಿ, ವಿಶೇಷ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಲವು ಚೀಲಗಳ ಒಳಗೆ ಟಾವ್ ಎಳೆಗಳು ಇದ್ದವು. ಸುಮ್ಮನೆ ತೇಲುತ್ತಿರಲಿಲ್ಲ. ಚೀಲದ ಒಳಗೋಡೆಗೆ ಸಣ್ಣ ಕೊಂಡಿಗಳಿಂದ ಕಟ್ಟಿಕೊಂಡಿದ್ದವು. ಅಂದರೆ ಆಕಸ್ಮಿಕವಾಗಿ ಸೇರಿದ ಕಸವಲ್ಲ, ಆಯ್ದು ತುಂಬಿದ ಸರಕು ಎಂಬಂತೆ. ಅದನ್ನು ಆಯ್ದು ತುಂಬುವವರನ್ನು ತಡೆಯಲಾದರೆ? ಮುಂದೆ ಬರಬಹುದಾದ ಔಷಧದ ಒಂದು ದಾರಿ ಅಲ್ಲಿದೆ ಎಂದು ನನ್ನ ನಂಬಿಕೆ.

ಹಾಗಾದರೆ ಎಕ್ಸೋಸೋಮ್ ಕಟ್ಟುವುದನ್ನೇ ನಿಲ್ಲಿಸಿಬಿಟ್ಟರಾಯಿತಲ್ಲ ಎಂದರೆ, ಅಲ್ಲೇ ಇರುವುದು ತೊಡಕು. 2014ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಒಂದು ತಂಡ ಎಕ್ಸೋಸೋಮ್ ತಡೆದು ಇಲಿಯ ಮಿದುಳಿನಲ್ಲಿ ಅಮಿಲಾಯ್ಡ್ ಉಂಡೆ ಕಡಿಮೆಯಾದದ್ದನ್ನು ಕಂಡಿತು. ಅದೇ ವರ್ಷ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು ನರಕೋಶದ ಎಕ್ಸೋಸೋಮ್‌ಗಳನ್ನು ಇಲಿಯ ಮಿದುಳಿಗೆ ಕೊಟ್ಟು, ಅವು ಅಮಿಲಾಯ್ಡನ್ನು ಅಂಟಿಸಿಕೊಂಡು ಕಾವಲು ಕೋಶಗಳ ಬಾಯಿಗೆ ಒಪ್ಪಿಸುತ್ತವೆ, ಹಾಗಾಗಿ ಅಮಿಲಾಯ್ಡ್ ಕಡಿಮೆಯಾಗುತ್ತದೆ ಎಂದು ಕಂಡರು. ಒಂದು ಕಡೆ ತಡೆದರೆ ಒಳ್ಳೆಯದಾಯಿತು, ಇನ್ನೊಂದು ಕಡೆ ಕೊಟ್ಟರೆ ಒಳ್ಳೆಯದಾಯಿತು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಯಾವ ಕೋಶ ಕಟ್ಟಿದ ಚೀಲ, ಒಳಗೆ ಏನಿದೆ, ಕಾಯಿಲೆಯ ಯಾವ ಹಂತ, ಯಾರ ಕೈಗೆ ಹೋಯಿತು ಎಂಬುದರ ಮೇಲೆ ಫಲ ಬದಲಾಗುತ್ತದೆ. ಚೀಲಕ್ಕೆ ತನ್ನದೇ ಆದ ಗುಣ ಇಲ್ಲ, ಕಟ್ಟಿದವರ ಗುಣ ಅದರಲ್ಲಿ ಇರುತ್ತದೆ. ‘ಎಕ್ಸೋಸೋಮ್ ಕೊಡುತ್ತೇವೆ’ ಎಂದು ಮಾತ್ರ ಹೇಳುವುದು ‘ಡಬ್ಬಿ ಕೊಡುತ್ತೇವೆ’ ಎಂದ ಹಾಗೆ. ಡಬ್ಬಿಯಲ್ಲಿ ಏನಿದೆ ಎಂದು ಯಾರೂ ಹೇಳಲಿಲ್ಲ.

ಚಿಕಿತ್ಸೆಯ ವಿಚಾರ. 2011ರಲ್ಲಿ ಆಕ್ಸ್‌ಫರ್ಡ್‌ನ ಮ್ಯಾಥ್ಯೂ ವುಡ್ ಅವರ ತಂಡ ಮಾಡಿದ ಕೆಲಸ ಈ ಕ್ಷೇತ್ರಕ್ಕೆ ರೆಕ್ಕೆ ಕೊಟ್ಟಿತು. ರಕ್ತಕ್ಕೂ ಮಿದುಳಿಗೂ ನಡುವೆ ಗಟ್ಟಿಯಾದ ಒಂದು ತಡೆಗೋಡೆ ಇದೆ, ಹೆಚ್ಚಿನ ಔಷಧಗಳು ಅದನ್ನು ದಾಟುವುದಿಲ್ಲ. ಆದರೆ ಹುಚ್ಚುನಾಯಿ ಕಡಿತದ ರೇಬಿಸ್ ವೈರಸ್ಸಿಗೆ ಮಿದುಳಿನ ದಾರಿ ಗೊತ್ತು. ಆ ವೈರಸ್ಸಿನ ಮೈಮೇಲಿನ ಪ್ರೋಟೀನಿನ ಒಂದು ಚಿಕ್ಕ ತುಣುಕನ್ನು ಮಾತ್ರ ಇಲಿಯ ಎಕ್ಸೋಸೋಮ್ ಮೇಲೆ ವಿಳಾಸದಂತೆ ಅಂಟಿಸಿದರು. ಒಳಗೆ, ಒಂದು ದೊಡ್ಡ ಪ್ರೋಟೀನನ್ನು ಕತ್ತರಿಸಿ ಅಮಿಲಾಯ್ಡ್ ಹುಟ್ಟಿಸುವ ಕಿಣ್ವದ ಬಾಯಿ ಮುಚ್ಚಿಸುವ ಆರ್‌ಎನ್‌ಎ ತುಂಬಿ, ಇಲಿಯ ನರಕ್ಕೆ ಕೊಟ್ಟರು. ಮಿದುಳಿನಲ್ಲಿ ಆ ಕಿಣ್ವ ಸುಮಾರು ಶೇ 60ರಷ್ಟು ಇಳಿಯಿತು. ವಿಳಾಸ ಬರೆದು, ಸರಕು ಆರಿಸಿ, ಅಳತೆ ಹಾಕಿ ಕಳಿಸಿದ್ದು ಅದು. ವಿಳಾಸವಿಲ್ಲದ ಎಕ್ಸೋಸೋಮನ್ನು ನರಕ್ಕೆ ಚುಚ್ಚಿದರೆ ಅದರಲ್ಲಿ ಹೆಚ್ಚಿನ ಪಾಲು ಹೋಗಿ ಸೇರುವುದು ಲಿವರ್ ಮತ್ತು ಗುಲ್ಮಕ್ಕೆ, ಅದೂ ಬಹಳ ಬೇಗ.

ಅಲ್ಜೈಮರ್ಸ್ ರೋಗಿಗಳ ಮೇಲೆ ನಡೆದು ಪ್ರಕಟವಾದ ಪ್ರಯೋಗವೊಂದು ಶಾಂಘೈನ ರುಯಿಜಿನ್ ಆಸ್ಪತ್ರೆಯದ್ದು, 2023ರಲ್ಲಿ ಬಂತು. ದಾನಿಗಳ ಕೊಬ್ಬಿನಿಂದ ತೆಗೆದ ಕಾಂಡಕೋಶಗಳ (ಸ್ಟೆಮ್ ಸೆಲ್) ಎಕ್ಸೋಸೋಮನ್ನು ಮೂಗಿನ ಮೂಲಕ ಕೊಟ್ಟರು, ನರಕ್ಕಲ್ಲ. ಒಟ್ಟು ರೋಗಿಗಳು ಒಂಬತ್ತು ಜನ. ಹೋಲಿಕೆಗೆ ಖಾಲಿ ಔಷಧ ಪಡೆದ ಗುಂಪು ಇರಲಿಲ್ಲ. ಕೆಟ್ಟ ಪರಿಣಾಮ ಕಾಣಲಿಲ್ಲ, ಒಂದು ಡೋಸಿನ ಗುಂಪಿನಲ್ಲಿ ಜ್ಞಾಪಕ ಪರೀಕ್ಷೆಯ ಅಂಕ ಸ್ವಲ್ಪ ಉತ್ತಮವಾಯಿತು, ಮಿದುಳಿನ ಅಮಿಲಾಯ್ಡ್ ಮತ್ತು ಟಾವ್ ಇದ್ದ ಹಾಗೇ ಇದ್ದವು. ಆ ಸಂಶೋಧಕರು ಪ್ರಾಮಾಣಿಕವಾಗಿ ಮಾಡಿದ ಮೊದಲ ಹೆಜ್ಜೆ ಅದು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಒಂಬತ್ತು ಜನರ ಮೇಲಿನ ಸುರಕ್ಷತಾ ಪರೀಕ್ಷೆಯನ್ನು ಹಿಡಿದುಕೊಂಡು ‘ಕೋಶಗಳು ಚಿಗುರುತ್ತವೆ’ ಎಂದು ತೋಟ ಮಾರಿಸುವುದು ಅನ್ಯಾಯ.

ಅಪಾಯವೂ ಇದೆ. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಕ್ಸೋಸೋಮ್ ಉತ್ಪನ್ನಗಳ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ನೆಬ್ರಾಸ್ಕಾ ರಾಜ್ಯದಲ್ಲಿ ಇಂಥದ್ದನ್ನು ಪಡೆದ ಹಲವರಿಗೆ ಗಂಭೀರ ತೊಂದರೆಯಾಗಿತ್ತು. ತಾನು ಯಾವ ಎಕ್ಸೋಸೋಮ್ ಉತ್ಪನ್ನಕ್ಕೂ ಅನುಮತಿ ಕೊಟ್ಟಿಲ್ಲ ಎಂದೂ ಸ್ಪಷ್ಟವಾಗಿ ಹೇಳಿತು. ಹೊಕ್ಕುಳಬಳ್ಳಿಯಿಂದಲೋ ಕೊಬ್ಬಿನಿಂದಲೋ ತೆಗೆದದ್ದು ಎನ್ನುತ್ತಾರಲ್ಲ, ಆ ಸೀಸೆಯಲ್ಲಿ ಎಷ್ಟು ಚೀಲ ಇವೆ, ಜೊತೆಗೆ ಬ್ಯಾಕ್ಟೀರಿಯಾ ಇಲ್ಲವೇ, ಹೋದ ತಿಂಗಳ ಸೀಸೆಗೂ ಈ ತಿಂಗಳದಕ್ಕೂ ಒಂದೇ ಗುಣವೇ ಎಂದು ನೋಡುವವರು ಯಾರು?

ಇಲ್ಲಿ ನನ್ನ ಪ್ರಯೋಗಾಲಯದ ದಿನಗಳನ್ನು ಸ್ವಲ್ಪ ಹೇಳಬೇಕು. ಎಕ್ಸೋಸೋಮ್ ಬೇರ್ಪಡಿಸಲು ದ್ರವವನ್ನು ಅಲ್ಟ್ರಾಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ಭೂಮಿಯ ಸೆಳೆತದ ಒಂದು ಲಕ್ಷ ಪಟ್ಟು ಬಲ ಬೀಳುವಂತೆ ಒಂದು ಗಂಟೆಗೂ ಮಿಕ್ಕಿ ತಿರುಗಿಸುತ್ತೇವೆ. ಎದುರುಬದುರು ಕೊಳವೆಗಳ ತೂಕ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು. ನಿಂತ ಮೇಲೆ ಮುಚ್ಚಳ ತೆಗೆದರೆ ತಳದಲ್ಲಿ ಏನೂ ಕಾಣುವುದಿಲ್ಲ. ಅದಕ್ಕೇ, ತಿರುಗಿಸುವ ಮುಂಚೆಯೇ, ಮಡ್ಡಿ ಎಲ್ಲಿ ಕೂರಬೇಕೋ ಆ ಜಾಗದ ಹೊರಗೆ ಮಾರ್ಕರ್ ಪೆನ್ನಿನಿಂದ ಒಂದು ಸುತ್ತು ಬರೆದಿಟ್ಟಿರುತ್ತೇವೆ. ಕಾಣದ್ದನ್ನು ಆ ಸುತ್ತಿನೊಳಗೆ ಇದೆ ಎಂದು ನಂಬಿ ಹನಿ ದ್ರವ ಹಾಕಿ ಕರಗಿಸಿಕೊಳ್ಳುವುದು. ಆಮೇಲೆ ಅದನ್ನು ತಾಮ್ರದ ಪುಟ್ಟ ಜಾಲರಿಯ ಮೇಲಿಟ್ಟು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಡು ಒಳಗೆ ಕುಸಿದ ಬಟ್ಟಲಿನಂತೆ ಕಂಡವು. ನಿಜಕ್ಕೂ ಅವು ದುಂಡಗೆ ಇರುತ್ತವೆ, ಒಣಗಿಸುವಾಗ ಕುಸಿಯುತ್ತವೆ ಅಷ್ಟೆ. ಒಂದು ದಿನ ಚೀಲ ಎಂದು ನಾನು ಸಂತೋಷಪಟ್ಟು ಎಣಿಸಿದವುಗಳಲ್ಲಿ ಮುಕ್ಕಾಲು ಪಾಲು ರಕ್ತದಲ್ಲಿ ಕೊಬ್ಬು ಹೊರುವ ಲೈಪೊಪ್ರೋಟೀನ್ ಕಣಗಳು ಎಂದು ನಮ್ಮ ಮೇಡಂ ತೋರಿಸಿಕೊಟ್ಟರು. ಆ ಕೆಲಸವನ್ನೇ ಕಸುಬಾಗಿ ಮಾಡುವವರಿಗೇ ಇಷ್ಟು ಕಷ್ಟ. ಹೀಗಾಗಿಯೇ ಈ ವಿಷಯದ ಅಂತರರಾಷ್ಟ್ರೀಯ ಸಂಘ 2014, 2018, 2023ರಲ್ಲಿ ಮತ್ತೆ ಮತ್ತೆ ನಿಯಮಗಳನ್ನು ಬರೆದು, ಹುಟ್ಟಿದ ಜಾಗ ಖಚಿತವಿಲ್ಲದಿದ್ದರೆ ‘ಎಕ್ಸೋಸೋಮ್’ ಎನ್ನಬೇಡಿ, ಕೋಶದಾಚೆಯ ಕಿರುಚೀಲ ಎನ್ನಿ ಎಂದು ಹೇಳುತ್ತಿದೆ.

ರಕ್ತಪರೀಕ್ಷೆಯ ಕತೆಯೂ ಇದರಿಂದಲೇ ತಿಳಿಯುತ್ತದೆ. ಮಿದುಳಿನ ಕೆಲವು ಚೀಲಗಳು ತಡೆಗೋಡೆ ದಾಟಿ ರಕ್ತಕ್ಕೆ ಬರುತ್ತವೆ. ಅವನ್ನು ಮಾತ್ರ ಹಿಡಿದರೆ ತಲೆಬುರುಡೆ ತೆರೆಯದೆ ಮಿದುಳಿನ ಸುದ್ದಿ ಓದಬಹುದು. ನರಕೋಶದ ಚೀಲಗಳ ಮೇಲಿರುವ ಎಲ್1ಕ್ಯಾಮ್ ಎಂಬ ಪ್ರೋಟೀನಿಗೆ ಗಾಳ ಹಾಕಿ ಆ ಚೀಲಗಳನ್ನು ಹಿಡಿದಿದ್ದೇವೆ, ಕಾಯಿಲೆ ಕಾಣಿಸುವ ಹತ್ತು ವರ್ಷ ಮೊದಲೇ ಸುಳಿವು ಸಿಗುತ್ತದೆ ಎಂದು 2015ರ ಸುಮಾರಿಗೆ ಪ್ರಬಂಧಗಳು ಬಂದವು. ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಆ ಗಾಳವನ್ನೇ ಬಳಸಿದವು. 2021ರಲ್ಲಿ ಬೋಸ್ಟನ್‌ನ ಡೇವಿಡ್ ವಾಲ್ಟ್ ಅವರ ತಂಡ ಸೂಕ್ಷ್ಮವಾಗಿ ಅಳೆದು, ರಕ್ತದಲ್ಲೂ ಬೆನ್ನುಹುರಿಯ ದ್ರವದಲ್ಲೂ ಆ ಪ್ರೋಟೀನು ಚೀಲದ ಮೇಲೆ ಇಲ್ಲ, ಬಿಡಿಯಾಗಿ ತೇಲುತ್ತಿದೆ ಎಂದು ತೋರಿಸಿತು. ಕೆಲವರು ಇದನ್ನು ಇನ್ನೂ ಒಪ್ಪುವುದಿಲ್ಲ, ಚರ್ಚೆ ನಡೆಯುತ್ತಿದೆ. ಆದ್ದರಿಂದ ಎಕ್ಸೋಸೋಮ್ ನೋಡಿ ಅಲ್ಜೈಮರ್ಸ್ ಹೇಳುತ್ತೇವೆ ಎನ್ನುವ ಪರೀಕ್ಷೆಗೆ ಈಗ ದುಡ್ಡು ಕೊಡಬೇಡಿ.

ಆದರೆ ರಕ್ತಪರೀಕ್ಷೆಯೇ ಇಲ್ಲವೆಂದಲ್ಲ. ಚೀಲದ ಗೊಡವೆಯಿಲ್ಲದೆ, ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ನೇರವಾಗಿ ಪಿ-ಟಾವ್ 217 ಎಂಬ ಪ್ರೋಟೀನನ್ನು ಅಮಿಲಾಯ್ಡ್ ಜೊತೆ ಹೋಲಿಸಿ ಅಳೆಯುವ ಪರೀಕ್ಷೆಗೆ 2025ರ ಮೇ ತಿಂಗಳಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಅದೂ ಮರೆವಿನ ಲಕ್ಷಣ ಇರುವ, 55 ದಾಟಿದವರಿಗೆ, ತಜ್ಞರ ಬಳಿ. ಲಕ್ಷಣವೇ ಇಲ್ಲದವರು ಕುತೂಹಲಕ್ಕೆ ಮಾಡಿಸಿಕೊಳ್ಳುವಂಥದ್ದಲ್ಲ. ನಿಮ್ಮತ್ತೆಯ ವಿಚಾರದಲ್ಲಿ ನಾನು ಕೇಳುವುದು ಇನ್ನೂ ಸರಳವಾದದ್ದು. ಬಿ12, ಥೈರಾಯ್ಡ್ ನೋಡಿದ್ದಾರೆಯೇ? ಒಮ್ಮೆ ಸ್ಕ್ಯಾನ್ ಆಗಿದೆಯೇ? ಕಿವಿ ಸರಿಯಾಗಿ ಕೇಳುತ್ತದೆಯೇ? ನಿದ್ದೆಗೆಂದೋ ಮೂತ್ರದ ತೊಂದರೆಗೆಂದೋ ವರ್ಷಗಟ್ಟಲೆ ನುಂಗುತ್ತಿರುವ ಮಾತ್ರೆ ಇದೆಯೇ? ಮನಸ್ಸು ಕುಗ್ಗಿದೆಯೇ? ಇವೆಲ್ಲ ಮರೆವನ್ನು ಹೆಚ್ಚಿಸುತ್ತವೆ, ಮತ್ತು ಇವೆಲ್ಲಕ್ಕೂ ಮದ್ದಿದೆ. ಬಿ12 ಮಟ್ಟ ತಳ ಕಂಡಿದ್ದ ಒಬ್ಬ ಅಜ್ಜಿ ನಾಲ್ಕು ತಿಂಗಳ ಇಂಜೆಕ್ಷನ್ ಆದ ಮೇಲೆ ತಾವೇ ಬಸ್ಸು ಹತ್ತಿ ನನ್ನ ಹತ್ತಿರ ಬಂದಿದ್ದರು. ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ನೋಡದೆ ಬಿಡಬಾರದು.

ಅಂಟುತ್ತದೆಯೇ ಎಂದರೆ, ಇಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಮೊಮ್ಮಕ್ಕಳು ಅಜ್ಜಿಯ ಪಕ್ಕ ಮಲಗಿದರೂ, ನೀವು ಅವರ ಬಟ್ಟೆ ಒಗೆದರೂ ಏನೂ ಆಗುವುದಿಲ್ಲ. ಹರಡುವುದು ಒಂದೇ ಮಿದುಳಿನ ಒಳಗೆ, ಕೋಶದಿಂದ ಕೋಶಕ್ಕೆ. ಅಪವಾದವೊಂದಿದೆ. ಬ್ರಿಟನ್ನಿನಲ್ಲಿ 1985ಕ್ಕೆ ಮುಂಚೆ, ಶವಗಳ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಿಂದ ತೆಗೆದ ಬೆಳವಣಿಗೆಯ ಹಾರ್ಮೋನನ್ನು ಮಕ್ಕಳಾಗಿದ್ದಾಗ ವರ್ಷಗಟ್ಟಲೆ ಚುಚ್ಚಿಸಿಕೊಂಡಿದ್ದ ಕೆಲವರಲ್ಲಿ ದಶಕಗಳ ನಂತರ ಅಲ್ಜೈಮರ್ಸ್ ಬಂದ ವರದಿ 2024ರಲ್ಲಿ ಬಂತು. ಆ ಪದ್ಧತಿ ನಿಂತು 40 ವರ್ಷವಾಯಿತು. ಇನ್ನು ವಂಶದ ಮಾತು. 65ಕ್ಕಿಂತ ಮೊದಲೇ ಕಾಣಿಸುವ, ಒಂದೇ ಜೀನಿನಿಂದ ಬರುವ ಬಗೆ ಬಹಳ ಅಪರೂಪ. ನಿಮ್ಮತ್ತೆಗೆ ಶುರುವಾದದ್ದು 69ರಲ್ಲಿ. ಮಕ್ಕಳು ಮೊಮ್ಮಕ್ಕಳಿಗೆ ಬರಲೇಬೇಕು ಎಂದೇನೂ ಇಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಬಿಪಿ, ಸಕ್ಕರೆ, ಕೆಟ್ಟ ಕೊಲೆಸ್ಟರಾಲ್, ಬೀಡಿ ಸಿಗರೇಟು, ಕುಡಿತ, ಕಿವುಡು, ಕಣ್ಣಿನ ಮಂಜು, ಒಂಟಿತನ ಇಂಥ 14 ಕಾರಣಗಳನ್ನು ಪಟ್ಟಿ ಮಾಡಿ, ಇವುಗಳನ್ನು ನೋಡಿಕೊಂಡರೆ ಸುಮಾರು ಶೇ 45ರಷ್ಟು ಡಿಮೆನ್ಷಿಯಾವನ್ನು (ಅಲ್ಜೈಮರ್ಸ್ ಥರದ ಮರೆವಿನ ಕಾಯಿಲೆಗಳನ್ನು) ತಡೆಯಬಹುದು ಅಥವಾ ಮುಂದೂಡಬಹುದು ಎಂದಿದೆ. ನಿಮ್ಮ ಯಜಮಾನರ ಬಿಪಿ ಎಷ್ಟಿದೆ, ಇವತ್ತೇ ನೋಡಿಸಿ.

ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಜನಕ್ಕೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜಿಸಿದೆ. ಇದರಲ್ಲಿ ನೀವು ಒಬ್ಬರೇ ಅಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ವರ್ಷವರ್ಷವೂ ಪರೀಕ್ಷಿಸುತ್ತಾ, ನಮ್ಮ ಹಳ್ಳಿಗರ ಮಿದುಳು ಹೇಗೆ ವಯಸ್ಸಾಗುತ್ತದೆ ಎಂದು ದಾಖಲಿಸುತ್ತಿದ್ದಾರೆ. ನಿಮ್ಹಾನ್ಸ್‌ನಲ್ಲಿ 1995ರಿಂದ ದಾನ ಪಡೆದ ಮಿದುಳುಗಳ ಭಂಡಾರ ಇದೆ. ಕೇಂಬ್ರಿಡ್ಜ್‌ನವರು ಆ ಕೊಂಡಿಗಳನ್ನು ಕಂಡದ್ದು ತೀರಿಹೋದವರ ಮಿದುಳು ಸಂಶೋಧನೆಗೆ ಸಿಕ್ಕಿದ್ದರಿಂದಲೇ.

ಮೈದುನನಿಗೆ ಹೀಗೆ ಹೇಳಿ. ಆ ಕ್ಲಿನಿಕ್ಕಿನವರು ಇದು ಸಂಶೋಧನೆ ಎಂದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪುಸ್ತಕವಾದ ಸಿಟಿಆರ್‌ಐ ನಂಬರ್ ಕೊಡಲಿ. ನಿಜವಾದ ಪ್ರಯೋಗವಾದರೆ ಭಾಗವಹಿಸುವವರಿಂದ ಔಷಧದ ದುಡ್ಡು ಕೇಳುವಂತಿಲ್ಲ. ಇದು ಸಾಬೀತಾದ ಚಿಕಿತ್ಸೆ ಎಂದರೆ ಔಷಧ ನಿಯಂತ್ರಕರ ಅನುಮತಿ ಪತ್ರ ತೋರಿಸಲಿ. ಎರಡೂ ಇಲ್ಲದಿದ್ದರೆ ಎದ್ದು ಬನ್ನಿ. ಈಗ ನಡೆಯುತ್ತಿರುವ ಡೊನೆಪೆಝಿಲ್ ಥರದ ಮಾತ್ರೆ ಕಾಯಿಲೆಯನ್ನು ತೆಗೆಯುವುದಿಲ್ಲ, ಆದರೆ ಕೆಲವು ತಿಂಗಳು ಕೈಹಿಡಿದು ನಡೆಸುತ್ತದೆ, ಅದನ್ನು ವಿಡಿಯೊ ನೋಡಿ ನಿಲ್ಲಿಸಬೇಡಿ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಕಿವಿಯ ಮೆಷಿನ್ನಿಗೆ, ಬಚ್ಚಲಲ್ಲಿ ಹಿಡಿದುಕೊಳ್ಳುವ ಸರಳಿಗೆ, ವಾರಕ್ಕೆರಡು ಮಧ್ಯಾಹ್ನ ಅತ್ತೆಯ ಜೊತೆ ಕೂರುವ ಒಬ್ಬರಿಗೆ ಖರ್ಚು ಮಾಡಿ. ಆ ಎರಡು ಮಧ್ಯಾಹ್ನ ನೀವು ಮಲಗಿ ನಿದ್ದೆ ಮಾಡಬೇಕು. ಇದನ್ನು ನಾನು ಔಷಧದ ಚೀಟಿಯಲ್ಲೇ ಬರೆದುಕೊಡುತ್ತೇನೆ.

ಕೊನೆಗೆ, ನೀವು ಮಧ್ಯದಲ್ಲಿ ಬರೆದು ದಾಟಿಸಿಬಿಟ್ಟ ಮಾತು, ಊಟದ್ದು. ಸೋಬಾನೆ ಪದಗಳು ಅತ್ತೆಯ ಮಿದುಳಿನ ಮೇಲ್ಪದರದಲ್ಲಿ ಐವತ್ತು ಅರವತ್ತು ವರ್ಷದ ಹಿಂದೆಯೇ ಬೇರೂರಿವೆ, ಕಾಯಿಲೆ ಅಲ್ಲಿಗೆ ತಡವಾಗಿ ಬರುತ್ತದೆ. ಇವತ್ತಿನ ಊಟವನ್ನು ಬರೆದಿಡಬೇಕಾದ ಹಿಪ್ಪೊಕ್ಯಾಂಪಸ್ ಮೊದಲೇ ಕೆಟ್ಟಿದೆ. ಆ ಊಟ ಅವರೊಳಗೆ ದಾಖಲಾಗಲೇ ಇಲ್ಲ. ಅವರು ನಿಮ್ಮ ಮೇಲೆ ಸುಳ್ಳು ಹೇಳುತ್ತಿಲ್ಲ, ತಮಗೆ ಗೊತ್ತಿರುವ ಸತ್ಯ ಹೇಳುತ್ತಿದ್ದಾರೆ. ‘ಈಗ ತಾನೇ ಉಂಡಿರಲ್ಲ’ ಎಂದು ವಾದಕ್ಕೆ ಇಳಿಯಬೇಡಿ. ಊಟದ ಹೊತ್ತಿಗೆ ಸ್ವಲ್ಪ ಕಡಿಮೆ ಬಡಿಸಿ, ಒಂದು ತುತ್ತು ಮೊಸರನ್ನ ಎತ್ತಿಟ್ಟುಕೊಳ್ಳಿ. ಕೇಳಿದಾಗ ‘ಬಂದೆ ಅತ್ತೆ, ಹಾಕ್ತಿದೀನಿ’ ಎಂದು ಆ ಬಟ್ಟಲು ಮುಂದಿಡಿ. ಬಂದವರಿಗೆ ಏನನ್ನಿಸುತ್ತದೋ ಎಂಬ ಚಿಂತೆ ಬೇಡ. ಅವರಿಗೆ ಈ ಪತ್ರ ತೋರಿಸಿ.